ರಾಗಿ ಸರಿ ತಿಂದರೂ ಮಗು ತೂಕ ಏರುತ್ತಿಲ್ಲ, ಯಾಕೆ?

ಪ್ರಶ್ನೆ: ನನ್ನ ಮಗಳಿಗೆ ಈಗ ಎಂಟು ತಿಂಗಳು. ಹುಟ್ಟಿದಾಗ 2.8 ಕೆ.ಜಿ. ಇದ್ದಳು. ಆರು ತಿಂಗಳು ತುಂಬಿದಾಗ 6.4 ಕೆ.ಜಿ., ಈಗ 6.8. ಆರು ತಿಂಗಳವರೆಗೆ ಬರೀ ಎದೆಹಾಲು ಕುಡಿದಿದ್ದಾಳೆ, ಈಗಲೂ ಕುಡಿಯುತ್ತಾಳೆ. ಆರು ತಿಂಗಳಾದ ಮೇಲೆ ಅತ್ತೆ ರಾಗಿ ಸರಿ ಶುರು ಮಾಡಿದರು. ದಿನಕ್ಕೆ ಮೂರು ಸಲ. ಒಂದು ಲೋಟ ನೀರಿಗೆ ಎರಡು ಟೀ ಚಮಚ ಹಿಟ್ಟು, ಚೂರು ಬೆಲ್ಲ. ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಕುಡಿಸುತ್ತಾರೆ. ಇತ್ತೀಚೆಗೆ ಒಳಲೆ ಕಂಡರೆ ಸಾಕು, ಬಾಯಿ ಬಿಗಿ ಹಿಡಿದು ಅಳುತ್ತಾಳೆ. ಪಕ್ಕದ ಮನೆಯವರು ‘ರಾಗಿಯಲ್ಲಿ ಏನೂ ಇಲ್ಲ, ಡಬ್ಬದ ಪುಡಿ ಕೊಡಿ’ ಅಂತಾರೆ. ಅತ್ತೆ ಹಸುವಿನ ಹಾಲು ಶುರು ಮಾಡೋಣ ಅಂತಾರೆ. ಮೊಟ್ಟೆ ಯಾವಾಗ ಕೊಡಬಹುದು? ತೂಕ ಕಮ್ಮಿ ಅಂತ ತುಂಬಾ ಭಯವಾಗಿದೆ.
(ಹಾಸನ ಜಿಲ್ಲೆಯ ಓದುಗರು)

ಉತ್ತರ: ಮೊದಲು ಭಯದ ವಿಷಯ ಮುಗಿಸಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಎಂಟು ತಿಂಗಳ ಹೆಣ್ಣುಮಗುವಿನ ನಡುಮಟ್ಟದ ತೂಕ 7.9 ಕೆ.ಜಿ. ಆದರೆ 6.3 ಕೆ.ಜಿ.ಗಿಂತ ಕೆಳಗಿದ್ದರೆ ಮಾತ್ರ ‘ಕಡಿಮೆ ತೂಕ’ ಅನ್ನುತ್ತೇವೆ. ನಿಮ್ಮ ಮಗಳು 6.8 ಇದ್ದಾಳೆ. ತಾಯಿ ಕಾರ್ಡಿನ ಕೊನೆಯಲ್ಲಿರುವ ಗ್ರಾಫಿನಲ್ಲಿ ಗುರುತು ಹಾಕಿ ನೋಡಿ, ಹಸಿರು ಪಟ್ಟಿಯ ಒಳಗೇ ಬರುತ್ತಾಳೆ. 2.8ಕ್ಕೆ ಹುಟ್ಟಿದ ಮಗು ಆರು ತಿಂಗಳಿಗೆ 6.4 ಆಗಿದೆ ಅಂದರೆ ನಿಮ್ಮ ಎದೆಹಾಲು ಚೆನ್ನಾಗಿಯೇ ಕೆಲಸ ಮಾಡಿದೆ.

ನನಗೆ ಯೋಚನೆ ಹುಟ್ಟಿಸಿದ್ದು 6.8 ಅನ್ನುವ ಅಂಕಿ ಅಲ್ಲ. ಆರರಿಂದ ಎಂಟು ತಿಂಗಳ ನಡುವೆ ಹೆಣ್ಣುಮಗು ಸಾಮಾನ್ಯವಾಗಿ 500ರಿಂದ 600 ಗ್ರಾಂ ಏರುತ್ತದೆ. ನಿಮ್ಮ ಮಗಳು ಏರಿದ್ದು 400. ಗೆರೆ ಕೆಳಗೆ ಬಿದ್ದಿಲ್ಲ, ಆದರೆ ಮೇಲೆ ಹೋಗುವ ವೇಗ ತಗ್ಗಿದೆ. ಅದೂ ಸರಿಯಾಗಿ ಮೇಲೂಟ ಶುರುವಾದ ಹೊತ್ತಿನಿಂದ. ಹಾಗಾಗಿ ಊಟದ ಕಡೆಗೇ ನೋಡಬೇಕು. ನೀವು ಹಿಟ್ಟು, ನೀರಿನ ಅಳತೆ ಬರೆದಿದ್ದು ಬಹಳ ಒಳ್ಳೆಯದಾಯಿತು. ಕಾರಣ ಅಲ್ಲೇ ಕಾಣುತ್ತಿದೆ.

ಒಂದು ಟೀ ಚಮಚ ರಾಗಿ ಹಿಟ್ಟು ಸುಮಾರು ಮೂರು ಗ್ರಾಂ. ಎರಡು ಚಮಚ ಅಂದರೆ ಆರು ಗ್ರಾಂ. ಅದರಲ್ಲಿ ಸಿಗುವುದು 20 ಕ್ಯಾಲೊರಿಯ ಆಸುಪಾಸು. ಚೂರು ಬೆಲ್ಲ ಸೇರಿಸಿದರೂ 30 ದಾಟುವುದು ಕಷ್ಟ. ಮೂರು ಹೊತ್ತು ಸೇರಿಸಿದರೆ ದಿನಕ್ಕೆ 90ರೊಳಗೆ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ಊಟದಿಂದ ಸಿಗಬೇಕಾದ್ದು ದಿನಕ್ಕೆ ಸುಮಾರು 200 ಕ್ಯಾಲೊರಿ. ಒಂಬತ್ತು ತಿಂಗಳಿಂದ 300, ವರ್ಷ ತುಂಬಿದ ಮೇಲೆ 550. ನಿಮ್ಮ ಮಗಳಿಗೆ ಅರ್ಧದಷ್ಟೂ ಸಿಗುತ್ತಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. 100 ಮಿ.ಲೀ. ಎದೆಹಾಲಿನಲ್ಲಿ ಸುಮಾರು 65 ಕ್ಯಾಲೊರಿ ಇರುತ್ತದೆ. ನಿಮ್ಮ ಮನೆಯ ಗಂಜಿಯಲ್ಲಿ 100 ಮಿ.ಲೀ.ಗೆ ಹದಿನೈದು. ಏಳು ಕೆ.ಜಿ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ 200 ಮಿ.ಲೀ. ಒಂದು ಲೋಟ ತೆಳು ಗಂಜಿ ಕುಡಿದರೆ ಹೊಟ್ಟೆ ಭರ್ತಿ. ಆಮೇಲೆ ನೀವು ಹಾಲೂಡಿಸಲು ಕೂತರೆ ಎರಡು ಗುಟುಕು ಕುಡಿದು ತಿರುಗಿಬಿಡುತ್ತಾಳೆ, ಅಲ್ವಾ? ಮೇಲೂಟ ಹಾಲಿನ ಜೊತೆಗೆ ಸೇರಬೇಕಿತ್ತು. ಇಲ್ಲಿ ಹಾಲಿನ ಜಾಗವನ್ನು ನೀರು ತೆಗೆದುಕೊಂಡಿದೆ. ಮಗು ಮೂರು ಹೊತ್ತು ‘ತಿನ್ನುತ್ತಿದೆ’ ಅಂತ ಮನೆಯವರಿಗೆಲ್ಲ ಸಮಾಧಾನ ಇರುತ್ತದೆ, ತೂಕ ಮಾತ್ರ ನಿಂತಿರುತ್ತದೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಇದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಬಡತನ ಇಲ್ಲದ ಮನೆಗಳಲ್ಲೂ.

ಇದರಲ್ಲಿ ನಿಮ್ಮ ಅತ್ತೆಯವರದು ತಪ್ಪು ಅಂತ ದಯವಿಟ್ಟು ತಿಳಿಯಬೇಡಿ. ಹಿಂದೆ ಮೂರು–ನಾಲ್ಕು ತಿಂಗಳಿಗೇ ಸರಿ ಶುರು ಮಾಡುತ್ತಿದ್ದರು. ಅಷ್ಟು ಎಳೆಯ ಮಗುವಿಗೆ ನೀರಾಗಿಯೇ ಕೊಡಬೇಕಿತ್ತು, ಒಳಲೆಯಲ್ಲೇ ಕೊಡಬೇಕಿತ್ತು. ಈಗ ಆರು ತಿಂಗಳವರೆಗೆ ಎದೆಹಾಲು ಮಾತ್ರ ಅನ್ನುವುದು ಮನೆಮನೆಗೂ ಮುಟ್ಟಿದೆ. ಆದರೆ ಆರು ತಿಂಗಳ ಮಗುವಿಗೆ ಮೂರು ತಿಂಗಳ ಮಗುವಿನ ಹದದಲ್ಲೇ ಸರಿ ಕಾಯಿಸುವ ರೂಢಿ ಉಳಿದುಕೊಂಡಿದೆ. ಅವರು ರಾಗಿಯನ್ನೇ ಆರಿಸಿದ್ದು ಸರಿಯಾಗಿದೆ. ಬದಲಾಗಬೇಕಾದ್ದು ಹದ, ಮತ್ತು ರಾಗಿಗೆ ಜೊತೆಯಾಗಿ ಏನು ಬೀಳುತ್ತದೆ ಅನ್ನುವುದು.

‘ರಾಗಿಯಲ್ಲಿ ಏನೂ ಇಲ್ಲ’ ಅನ್ನುವ ಮಾತನ್ನು ಪಕ್ಕಕ್ಕಿಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ನಾವು ದಿನಾ ತಿನ್ನುವ ಯಾವ ಧಾನ್ಯದಲ್ಲೂ ಇಷ್ಟಿಲ್ಲ. ಕೊರತೆ ಇರುವುದು ಬೇರೆ ಕಡೆ. ರಾಗಿಯಲ್ಲಿ ಪ್ರೋಟೀನ್ ಕಡಿಮೆ, ಕೊಬ್ಬು ತೀರಾ ಕಡಿಮೆ. ಕಬ್ಬಿಣಾಂಶ 100 ಗ್ರಾಂಗೆ ನಾಲ್ಕೂವರೆ ಮಿ.ಗ್ರಾಂ ಇದ್ದರೂ ಅದರ ಸಿಪ್ಪೆಯಲ್ಲಿರುವ ಫೈಟೇಟ್, ಟ್ಯಾನಿನ್‌ಗಳು ಅದನ್ನು ಕಟ್ಟಿಹಾಕುತ್ತವೆ. ದೇಹಕ್ಕೆ ಸೇರುವುದು ಸ್ವಲ್ಪ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ನುಣ್ಣಗೆ ಮಾಡಿದ ಹಿಟ್ಟಿನಲ್ಲಿ ಸಿಪ್ಪೆಯ ಜೊತೆಗೆ ಕ್ಯಾಲ್ಸಿಯಂ, ಕಬ್ಬಿಣದ ಒಂದು ಪಾಲೂ ಹೊರಗೆ ಹೋಗುತ್ತದೆ. ಎಂಟು ತಿಂಗಳ ಮಗುವಿಗೆ ಅಷ್ಟು ನುಣುಪು ಬೇಕಿಲ್ಲ. ಮಾಮೂಲಿ ಜರಡಿ ಸಾಕು.

ಈಗ ಹದದ ವಿಷಯ. ಸರಿಯನ್ನು ಚಮಚದಲ್ಲಿ ಎತ್ತಿ ಓರೆ ಮಾಡಿ. ಹಾಲಿನ ಹಾಗೆ ಸುರಿದು ಹೋದರೆ ತೆಳು. ಚಮಚದಲ್ಲೇ ನಿಂತು, ಜೋರಾಗಿ ಕೊಡವಿದಾಗ ಬಿದ್ದರೆ ಸರಿಯಾದ ಹದ. ಆದರೆ ಬರೀ ಹಿಟ್ಟು ಜಾಸ್ತಿ ಹಾಕಿದರೆ ಇನ್ನೊಂದು ತೊಂದರೆ ಎದುರಾಗುತ್ತದೆ. ರಾಗಿ ಬೆಂದಾಗ ಅಂಟಾಗಿ ಗಟ್ಟಿಯಾಗುತ್ತದೆ, ಮಗುವಿಗೆ ನುಂಗಲು ಆಗುವುದಿಲ್ಲ. ಆಗ ಅಮ್ಮಂದಿರು ಮತ್ತೆ ನೀರು ಸೇರಿಸುತ್ತಾರೆ. ಅಲ್ಲಿಗೆ ಮೊದಲಿನ ಕಥೆಯೇ.

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ: ಮೊಳಕೆ. ಕಾಳು ಮೊಳಕೆ ಒಡೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಗಂಜಿಯನ್ನು ಗಟ್ಟಿ ಮಾಡುವ ಪಿಷ್ಟವನ್ನು ತುಂಡರಿಸುತ್ತದೆ. ಹಾಗಾಗಿ ಮೊಳಕೆ ಹಿಟ್ಟನ್ನು ಎರಡು ಪಾಲು ಹಾಕಿದರೂ ಸರಿ ಸಡಿಲವಾಗಿಯೇ ಇರುತ್ತದೆ. ಅಷ್ಟೇ ಪ್ರಮಾಣದ ಊಟದಲ್ಲಿ ಎರಡು ಪಟ್ಟು ಶಕ್ತಿ ಹೋಗುತ್ತದೆ. ಫೈಟೇಟ್ ಕೂಡ ತಗ್ಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ, ನಾವೆಲ್ಲ ಸಿ.ಎಫ್.ಟಿ.ಆರ್.ಐ. ಅನ್ನುವ ಸಂಸ್ಥೆಯ ವಿಜ್ಞಾನಿಗಳು ಮೊಳಕೆ ರಾಗಿ ಮತ್ತು ಹೆಸರುಕಾಳು ಬೆರೆಸಿದ ಮಕ್ಕಳ ಆಹಾರದ ಮೇಲೆ 1980ರ ದಶಕದ ಶುರುವಿನಲ್ಲೇ ಕೆಲಸ ಮಾಡಿದ್ದಾರೆ. ನಮ್ಮ ಊರಿನ ಕಾಳು, ನಮ್ಮ ಊರಿನ ವಿಜ್ಞಾನ. ಇದು ಇನ್ನೂ ಎಲ್ಲ ಮನೆಗೂ ತಲುಪಿಲ್ಲ ಅನ್ನುವುದು ನನಗೆ ಬೇಸರದ ವಿಷಯ.

ಮಾಡುವುದು ಹೀಗೆ. ರಾಗಿಯನ್ನು ಕಲ್ಲು, ಹೊಟ್ಟು ಹೋಗುವಂತೆ ನಾಲ್ಕೈದು ನೀರಿನಲ್ಲಿ ತೊಳೆಯಿರಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಒಂದರಿಂದ ಎರಡು ದಿನದಲ್ಲಿ ಎಳೆ ಮೊಳಕೆ ಬರುತ್ತದೆ, ಅಷ್ಟು ಸಾಕು. ಚೆನ್ನಾಗಿ ಬಿಸಿಲಿಗೆ ಹರವಿ ಗಲಗಲ ಅನ್ನುವ ಹಾಗೆ ಒಣಗಿಸಿ. ಕೈಯಲ್ಲಿ ಉಜ್ಜಿದರೆ ಮೊಳಕೆ ಉದುರುತ್ತದೆ, ಕೇರಿ ತೆಗೆಯಿರಿ. ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಬೀಸಿಸಿ. ಕಪ್ಪಾಗುವಂತೆ ಹುರಿದರೆ ಆ ಕಿಣ್ವ ಸತ್ತು ಹೋಗುತ್ತದೆ, ಇಷ್ಟು ಹೊತ್ತು ಪಟ್ಟ ಕಷ್ಟವೆಲ್ಲ ವ್ಯರ್ಥ. ಮಳೆಗಾಲದಲ್ಲಿ ಒಣಗಿಸುವುದು ಕಷ್ಟ. ಮುಗ್ಗಲು ವಾಸನೆ ಬಂದರೆ, ಕಾಳಿನ ಮೇಲೆ ಬೂಷ್ಟು ಕಂಡರೆ ಮುಲಾಜಿಲ್ಲದೆ ಎಸೆದುಬಿಡಿ.

ಹೆಸರುಬೇಳೆಯನ್ನು ಬೇರೆಯಾಗಿ ಘಮ ಬರುವಷ್ಟು ಹುರಿದು ಪುಡಿ ಮಾಡಿಟ್ಟುಕೊಳ್ಳಿ. ಒಂದು ಹೊತ್ತಿನ ಊಟಕ್ಕೆ ಎರಡು ಟೇಬಲ್ ಚಮಚ ಮೊಳಕೆ ರಾಗಿ ಹಿಟ್ಟು, ಒಂದು ಟೇಬಲ್ ಚಮಚ ಹೆಸರುಬೇಳೆ ಪುಡಿ, ಮುಕ್ಕಾಲು ಲೋಟ ತಣ್ಣೀರು. ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುಗಿಸಿ. ನಿಧಾನವಾಗಿ ಬಿಸಿಯೇರಿದರೇ ಕಿಣ್ವಕ್ಕೆ ಕೆಲಸ ಮಾಡಲು ಸಮಯ ಸಿಗುವುದು. ಕೊನೆಗೆ ಏಳೆಂಟು ನಿಮಿಷ ಚೆನ್ನಾಗಿ ಕುದಿಯಲೇಬೇಕು, ಮೊಳಕೆ ಹಿಟ್ಟನ್ನು ಅರೆಬರೆ ಬೇಯಿಸಿ ಕೊಡಬೇಡಿ. ಇಳಿಸಿದ ಮೇಲೆ ಒಂದು ಟೀ ಚಮಚ ತುಪ್ಪ. ಇದರಲ್ಲಿ ಸುಮಾರು 130 ಕ್ಯಾಲೊರಿ ಇರುತ್ತದೆ. ಮೊದಲಿನ ಒಂದು ಲೋಟ ಗಂಜಿಯ ನಾಲ್ಕು ಪಟ್ಟಿಗಿಂತ ಹೆಚ್ಚು. ತುಪ್ಪ ಹಾಕಿದರೆ ಮಗುವಿಗೆ ಕಫ ಕಟ್ಟುತ್ತದೆ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಈ ವಯಸ್ಸಿನಲ್ಲಿ ಕೊಬ್ಬು ಬೇಕೇ ಬೇಕು, ಎದೆಹಾಲಿನ ಶಕ್ತಿಯಲ್ಲೂ ಹತ್ತಿರ ಅರ್ಧ ಬರುವುದು ಕೊಬ್ಬಿನಿಂದಲೇ.

ಮಗಳು ಒಂದೇ ದಿನಕ್ಕೆ ಇಷ್ಟು ತಿನ್ನುವುದಿಲ್ಲ. ನಾಲ್ಕು ಚಮಚದಿಂದ ಶುರು ಮಾಡಿ, ವಾರದಲ್ಲಿ ಅರ್ಧ ಬಟ್ಟಲಿಗೆ ಬನ್ನಿ. ದಿನಕ್ಕೆ ಮೂರು ಊಟ ಸಾಕು, ಅದರಲ್ಲಿ ರಾಗಿ ಒಂದೇ ಹೊತ್ತು ಇರಲಿ, ಹೆಚ್ಚೆಂದರೆ ಎರಡು. ಇನ್ನೊಂದು ಹೊತ್ತಿಗೆ ನೀವು ತಿನ್ನುವ ಅನ್ನವನ್ನೇ ಬೇಳೆಯ ಜೊತೆ ಮೆತ್ತಗೆ ಬೇಯಿಸಿ, ಒಂದು ತುಂಡು ಸಿಹಿಗುಂಬಳವನ್ನೋ ಒಂದು ಹಿಡಿ ನುಗ್ಗೆಸೊಪ್ಪನ್ನೋ ಸೇರಿಸಿ, ತುಪ್ಪ ಹಾಕಿ ಬೆರಳಲ್ಲಿ ನುರಿಯಿರಿ. ಮಿಕ್ಸಿಗೆ ಹಾಕಬೇಡಿ. ಒಂಬತ್ತು ತಿಂಗಳೊಳಗೆ ಮಗುವಿಗೆ ಸಣ್ಣ ಸಣ್ಣ ಗಂಟಿರುವ ಊಟ ಅಭ್ಯಾಸವಾಗಬೇಕು. ಹತ್ತು ತಿಂಗಳು ದಾಟುವವರೆಗೂ ನುಣ್ಣಗಿನದ್ದನ್ನೇ ಕೊಟ್ಟ ಮಕ್ಕಳಲ್ಲಿ ಆಮೇಲೆ ಅಗಿಯುವ ಊಟ ಬೇಡ ಅನ್ನುವ ಹಟ ಹೆಚ್ಚು. ಹಲ್ಲು ಬರಲಿ ಅಂತ ಕಾಯಬೇಕಿಲ್ಲ, ವಸಡಿನಲ್ಲೇ ಚೆನ್ನಾಗಿ ನುರಿಯುತ್ತವೆ. ಇಡ್ಲಿ ಚೂರು, ಮಾಗಿದ ಏಲಕ್ಕಿ ಬಾಳೆ, ಬೆಂದ ಕ್ಯಾರೆಟ್ ತುಂಡು ಕೈಗೇ ಕೊಡಿ. ಬಾಳೆಹಣ್ಣಿನಿಂದ ಶೀತ ಬರುವುದಿಲ್ಲ, ಶೀತ ಬರುವುದು ವೈರಸ್ಸಿನಿಂದ.

ಮೊಟ್ಟೆ ಯಾವಾಗ ಅಂತ ಕೇಳಿದ್ದೀರಿ. ಇವತ್ತಿನಿಂದಲೇ. ಆರು ತಿಂಗಳಿಂದಲೇ ಕೊಡಬಹುದಿತ್ತು. ಬಿಳಿ, ಹಳದಿ ಎರಡೂ ಕೊಡಿ, ಆದರೆ ಗಟ್ಟಿಯಾಗಿ ಬೇಯಿಸಿ. ಮೊದಲ ದಿನ ಒಂದು ಟೀ ಚಮಚ, ಬೆಳಗಿನ ಹೊತ್ತು. ಮೈಮೇಲೆ ದದ್ದು, ವಾಂತಿ, ತುಟಿ ಊತ ಏನೂ ಕಾಣದಿದ್ದರೆ ನಿಧಾನವಾಗಿ ಅರ್ಧ ಮೊಟ್ಟೆಗೆ, ಆಮೇಲೆ ಇಡೀ ಮೊಟ್ಟೆಗೆ ಬನ್ನಿ. ನಾಟಿ ಮೊಟ್ಟೆಯೇ ಆಗಬೇಕು ಅಂತ ಜಾಸ್ತಿ ದುಡ್ಡು ಕೊಡಬೇಕಿಲ್ಲ, ಫಾರಂ ಮೊಟ್ಟೆಯೂ ಅಷ್ಟೇ ಒಳ್ಳೆಯದು. ಕಡಲೆಕಾಯಿಗೂ ಇದೇ ಮಾತು. ಹುರಿದು ನುಣ್ಣಗೆ ಪುಡಿ ಮಾಡಿ ಸರಿಯಲ್ಲಿ ಅರ್ಧ ಚಮಚ ಕಲಸಬಹುದು. ತಡ ಮಾಡಿದರೆ ಅಲರ್ಜಿ ತಪ್ಪುತ್ತದೆ ಅನ್ನುವ ಹಳೆಯ ನಂಬಿಕೆ 2015ರಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ದೊಡ್ಡ ಅಧ್ಯಯನದ ನಂತರ ತಲೆಕೆಳಗಾಯಿತು. ಆದರೆ ಇಡೀ ಕಡಲೆಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಐದು ವರ್ಷದವರೆಗೆ ಬೇಡ. ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಆಸ್ಪತ್ರೆ ತಲುಪುವಷ್ಟು ಸಮಯವೂ ಸಿಗುವುದಿಲ್ಲ.

ಮನೆಯಲ್ಲಿ ಮಾಂಸ ತಿನ್ನುವವರಾದರೆ ಕೋಳಿ ಲಿವರ್ ಒಂದು ಸಣ್ಣ ತುಂಡು ಬೇಯಿಸಿ ನುರಿದು ವಾರಕ್ಕೊಮ್ಮೆ ಕೊಡಿ, ಮೂಳೆ ಇಲ್ಲದ ಮೀನೂ ಆಗಬಹುದು. ಕಬ್ಬಿಣದ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹುಟ್ಟುವಾಗ ಅಮ್ಮನಿಂದ ತಂದುಕೊಂಡ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗುತ್ತ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಈ ಎರಡರ ನಡುವೆ ಮಗುವಿನ ಮಿದುಳು ಅತಿ ವೇಗವಾಗಿ ಬೆಳೆಯುತ್ತಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ 67 ಶೇಕಡಾ ಮಂದಿಗೆ ರಕ್ತಹೀನತೆ ಇತ್ತು. ಮೂರರಲ್ಲಿ ಇಬ್ಬರು. ಸಸ್ಯಾಹಾರಿಗಳ ಮನೆಯಲ್ಲಿ ಬೇಳೆ, ಸೊಪ್ಪಿನ ಊಟಕ್ಕೆ ಎರಡು ಹನಿ ನಿಂಬೆರಸ ಹಿಂಡಿ, ಇಲ್ಲವೇ ಟೊಮೆಟೊ ಬೇಯಿಸಿ ಸೇರಿಸಿ. ಸಿ ಜೀವಸತ್ವ ಇದ್ದರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಇದರ ಜೊತೆಗೆ ಆಶಾ ಕಾರ್ಯಕರ್ತೆಯ ಹತ್ತಿರ ಕಬ್ಬಿಣದ ಸಿರಪ್ ಕೇಳಿ. ಸರ್ಕಾರದ ಕಾರ್ಯಕ್ರಮದಲ್ಲಿ ಆರು ತಿಂಗಳು ತುಂಬಿದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಉಚಿತವಾಗಿ ಸಿಗುತ್ತದೆ. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಆ ಔಷಧದಿಂದಲೇ. ಮಗುವಿಗೆ ಜ್ವರ ಇದ್ದಾಗ ಮಾತ್ರ ನಿಲ್ಲಿಸಿ, ವಾಸಿಯಾದ ಮೇಲೆ ಮುಂದುವರಿಸಿ.

ಬೆಲ್ಲದಲ್ಲಿ ಕಬ್ಬಿಣ ಇದೆ ಅಂತ ಹಾಕುವವರು ಬಹಳ ಮಂದಿ. ಸರಿಗೆ ಬೀಳುವ ಒಂದು ಚೂರಿನಿಂದ ಸಿಗುವ ಕಬ್ಬಿಣ ಲೆಕ್ಕಕ್ಕೇ ಬರುವುದಿಲ್ಲ. ಬೆಲ್ಲವೂ ಸಕ್ಕರೆಯೇ, ಎರಡು ವರ್ಷದವರೆಗೆ ಬೇಡ. ಉಪ್ಪೂ ಒಂದು ವರ್ಷದವರೆಗೆ ಬೇಡ. ಸಪ್ಪೆ ಅನ್ನಿಸುವುದು ನಮ್ಮ ನಾಲಿಗೆಗೆ, ಮಗುವಿಗೆ ಅಲ್ಲ. ಸಿಹಿ ಬೇಕೆನಿಸಿದರೆ ಬಾಳೆಹಣ್ಣು ನುರಿದು ಹಾಕಿ. ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುವ ಪದ್ಧತಿ ನಿಮ್ಮ ಕಡೆ ಇದ್ದರೆ ನಿಲ್ಲಿಸಿಬಿಡಿ. ವರ್ಷದೊಳಗಿನ ಮಗುವಿಗೆ ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳಿಂದ ನರಗಳನ್ನೇ ನಿಷ್ಕ್ರಿಯಗೊಳಿಸುವ ಬೊಟುಲಿಸಂ ಬರಬಹುದು. ಅಪರೂಪ, ಆದರೆ ಬಂದರೆ ಜೀವಕ್ಕೆ ಅಪಾಯ.

ಹಸುವಿನ ಹಾಲನ್ನು ಲೋಟದಲ್ಲಿ ಕುಡಿಸುವುದಕ್ಕೆ ವರ್ಷ ತುಂಬಲಿ. ಅದರಲ್ಲಿ ಕಬ್ಬಿಣ ಇಲ್ಲದಷ್ಟು ಕಡಿಮೆ, ಇದ್ದ ಕಬ್ಬಿಣದ ಹೀರಿಕೆಗೂ ಅಡ್ಡಿ. ಕೆಲವು ಎಳೆ ಮಕ್ಕಳಲ್ಲಿ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರುತ್ತದೆ. ಸರಿ ಕಾಯಿಸುವಾಗ ಸ್ವಲ್ಪ ಹಾಲು ಬೆರೆಸಿದರೆ, ಅನ್ನಕ್ಕೆ ಮೊಸರು ಕಲಸಿದರೆ ತೊಂದರೆ ಇಲ್ಲ. ವರ್ಷವಾದ ಮೇಲೂ ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಅತ್ತೆಯವರಿಗೆ ‘ಹಾಲು ಬೇಡ’ ಅನ್ನುವ ಬದಲು ‘ಮೊಸರನ್ನ ಮಾಡಿಕೊಡಿ ಅತ್ತೆ’ ಅನ್ನಿ, ಅವರ ಆಸೆಯೂ ಉಳಿಯುತ್ತದೆ.

ಡಬ್ಬದ ಪುಡಿಯ ಬಗ್ಗೆ. ಅದು ವಿಷವೂ ಅಲ್ಲ, ಅಮೃತವೂ ಅಲ್ಲ. ಕಬ್ಬಿಣ ಸೇರಿಸಿರುತ್ತಾರೆ ಅನ್ನುವುದು ಅದರ ನಿಜವಾದ ಲಾಭ. ಆದರೆ ಹಲವು ಡಬ್ಬಗಳಲ್ಲಿ ಸಕ್ಕರೆ ಇರುತ್ತದೆ, ತರುವುದಾದರೆ ಲೇಬಲ್ ಓದಿ. ಪ್ರಯಾಣದ ದಿನಕ್ಕೆ ಒಂದು ಇಟ್ಟುಕೊಂಡರೆ ಆಗಬಹುದು. ದಿನದ ಊಟ ಅದೇ ಆದರೆ ಮನೆಯ ಅಡುಗೆಯ ರುಚಿ ಮಗುವಿಗೆ ಗೊತ್ತೇ ಆಗುವುದಿಲ್ಲ. ದುಡ್ಡು ಹೋಗುವುದು ಬೇರೆ. ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಿದ್ದೀರಿ ತಾನೆ? ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಕೊಡುವ ಪೌಷ್ಟಿಕ ಆಹಾರ ಕ್ಯಾಲೊರಿ, ಪ್ರೋಟೀನ್ ಎರಡಕ್ಕೂ ಸರ್ಕಾರ ಹಾಕಿದ ಮಾನದಂಡದ ಲೆಕ್ಕದಲ್ಲಿ ಇರುತ್ತದೆ. ಅದು ನಿಮ್ಮ ಮಗಳ ಹಕ್ಕು. ತಂದು ದೊಡ್ಡವರು ಹಂಚಿಕೊಂಡು ತಿಂದುಬಿಡಬೇಡಿ.

ಇನ್ನು ಒಳಲೆ. ಮಗಳು ಬಾಯಿ ಬಿಗಿ ಹಿಡಿಯುತ್ತಾಳೆ ಅಂತ ಬರೆದಿದ್ದೀರಿ. ನನಗೆ ಅದು ಹಟ ಅನ್ನಿಸುವುದಿಲ್ಲ. ಕಾಲ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಬಾಯಿಗೆ ಸುರಿದರೆ ನುಂಗಬೇಕು, ಇಲ್ಲವೇ ಉಸಿರು ಕಟ್ಟಬೇಕು. ಮಗುವಿಗೆ ಬೇರೆ ದಾರಿ ಇಲ್ಲ. ಅಳುವ ಮಗುವಿನ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆದ ಮಕ್ಕಳನ್ನು ವೈದ್ಯರು ಈಗಲೂ ನೋಡುತ್ತಾರೆ. ಒಳಲೆಯನ್ನು ತೊಳೆದು ಎತ್ತಿಡಿ. ಎಂಟು ತಿಂಗಳ ಮಗು ಸ್ವಲ್ಪ ಆಸರೆ ಕೊಟ್ಟರೆ ಕೂರುತ್ತದೆ. ನಿಮ್ಮ ಎದುರಿಗೆ, ಮುಖ ಕಾಣುವ ಹಾಗೆ ಕೂರಿಸಿ. ಚಮಚವನ್ನು ತುಟಿಯ ಹತ್ತಿರ ಹಿಡಿದು ಕಾಯಿರಿ. ಅವಳೇ ಮುಂದಕ್ಕೆ ಬಾಗಿ ಬಾಯಿ ತೆರೆದಾಗ ಕೊಡಿ. ಮುಖ ತಿರುಗಿಸಿದರೆ ನಿಲ್ಲಿಸಿ, ಒಂದು ನಿಮಿಷ ಮಾತಾಡಿಸಿ, ಮತ್ತೆ ತೋರಿಸಿ. ಆಗಲೂ ಬೇಡ ಅಂದರೆ ಆ ಹೊತ್ತಿನ ಊಟ ಮುಗಿಯಿತು. ಇನ್ನೊಂದು ಚಮಚ ಅವಳ ಕೈಯಲ್ಲಿರಲಿ. ಮೈಗೆಲ್ಲ ಬಳಿದುಕೊಳ್ಳುತ್ತಾಳೆ, ಬಳಿದುಕೊಳ್ಳಲಿ. ಅರ್ಧ ಗಂಟೆಗಿಂತ ಹೆಚ್ಚು ಎಳೆಯಬೇಡಿ. ಮೊಬೈಲ್ ತೋರಿಸಿ ತಿನ್ನಿಸುವ ಅಭ್ಯಾಸವನ್ನು ದಯವಿಟ್ಟು ಶುರುವೇ ಮಾಡಬೇಡಿ. ಒಂದು ಹೊಸ ರುಚಿಯನ್ನು ಹತ್ತು ಸಲ ಬೇರೆ ಬೇರೆ ದಿನ ತೋರಿಸಿದ ಮೇಲೂ ಬೇಡ ಅಂದರೆ ಮಾತ್ರ ಅವಳಿಗೆ ಅದು ಇಷ್ಟವಿಲ್ಲ ಅನ್ನಬಹುದು. ಒಳಲೆಯ ಹೆದರಿಕೆ ಹೋಗಲು ಒಂದೆರಡು ವಾರ ಹಿಡಿಯಬಹುದು. ಆ ದಿನಗಳಲ್ಲಿ ಕಡಿಮೆ ತಿಂದರೂ ಬಲವಂತ ಬೇಡ.

ಹೊತ್ತನ್ನು ಸ್ವಲ್ಪ ಹೊಂದಿಸಿಕೊಳ್ಳಿ. ಎದೆಹಾಲು ಕೊಟ್ಟು ಕನಿಷ್ಠ ಒಂದೂವರೆ ಗಂಟೆ ಆದ ಮೇಲೆ ಊಟಕ್ಕೆ ಕೂರಿಸಿ, ಹಸಿವಿರುತ್ತದೆ. ರಾತ್ರಿ ಅವಳು ಕೇಳಿದಾಗ ಹಾಲು ಕೊಡುವುದನ್ನು ನಿಲ್ಲಿಸಬೇಡಿ. ಎದೆಹಾಲು ಎರಡು ವರ್ಷ ಮತ್ತು ಆಮೇಲೂ ಇರಲಿ. ಕಾಯಿಸಿ ಆರಿಸಿದ ನೀರು ಊಟದ ಜೊತೆ ನಾಲ್ಕು ಗುಟುಕು ಸಾಕು. ಅಡುಗೆಗೆ ಮುಂಚೆ, ತಿನ್ನಿಸುವ ಮುಂಚೆ ನಿಮ್ಮ ಕೈ, ಮಗಳ ಕೈ ಎರಡನ್ನೂ ಸೋಪಿನಲ್ಲಿ ತೊಳೆಯಿರಿ. ಬೆಳಿಗ್ಗೆ ಕಾಯಿಸಿದ ಸರಿಯನ್ನು ಸಂಜೆಗೆ ಇಡಬೇಡಿ. ಭೇದಿಯೋ ಜ್ವರವೋ ಬಂದರೆ ಊಟ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಾಗಿರಲಿ.

ಒಂದು ತಿಂಗಳು ಹೀಗೆ ಮಾಡಿ, ಅದೇ ಅಂಗನವಾಡಿಯ ಅದೇ ತಕ್ಕಡಿಯಲ್ಲಿ, ಬಟ್ಟೆ ತೆಗೆದು ತೂಗಿಸಿ. ಬೇರೆ ಬೇರೆ ತಕ್ಕಡಿಯಲ್ಲಿ ಕಾಲು ಕೆ.ಜಿ. ವ್ಯತ್ಯಾಸ ಬಂದು ಸುಮ್ನೆ ಗಾಬರಿಯಾಗುತ್ತದೆ. 200ರಿಂದ 300 ಗ್ರಾಂ ಏರಿದ್ದರೆ ಸರಿದಾರಿಯಲ್ಲಿದ್ದೀರಿ. ಏನೂ ಏರದಿದ್ದರೆ, ಇಲ್ಲವೇ ಇಳಿದಿದ್ದರೆ, ಇನ್ನೊಂದು ತಿಂಗಳು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ರಕ್ತಹೀನತೆ ಇವೆಲ್ಲ ಒಳಗೊಳಗೇ ತೂಕ ತಡೆಯುತ್ತವೆ, ಅದಕ್ಕೆ ಪರೀಕ್ಷೆ ಬೇಕು. ಅಂಗೈ ಬಿಳಿಚಿಕೊಂಡಿದ್ದರೆ, ತಿಂದದ್ದೆಲ್ಲ ಪದೇ ಪದೇ ವಾಂತಿಯಾಗುತ್ತಿದ್ದರೆ, ಹಾಲು ಕುಡಿಯುವಾಗ ಬೆವರಿ ಸುಸ್ತಾಗುತ್ತಿದ್ದರೆ, ಒಂಬತ್ತು ತಿಂಗಳಾದರೂ ಆಸರೆ ಇಲ್ಲದೆ ಕೂರದಿದ್ದರೆ ತೂಕದ ದಿನದವರೆಗೂ ಕಾಯಬೇಡಿ, ಈಗಲೇ ಕರೆದುಕೊಂಡು ಹೋಗಿ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಯ ಜೊತೆಗೆ ‘ಎ’ ಜೀವಸತ್ವದ ಮೊದಲ ಡೋಸೂ ಇದೆ. ಅಂದು ತಾಯಿ ಕಾರ್ಡ್ ಮರೆಯದೆ ತೆಗೆದುಕೊಂಡು ಹೋಗಿ, ಹೊಸ ತೂಕವನ್ನು ಗ್ರಾಫಿನಲ್ಲಿ ಗುರುತು ಹಾಕಿಸಿಕೊಂಡೇ ಬನ್ನಿ.